ಸ್ಟುಡಿಯೋದಿಂದ ಗೋಡೆಗೆ: ಅಮೂರ್ತ ಚಿತ್ರಗಳ ಪ್ರದರ್ಶನ ಏರ್ಪಡಿಸುವುದು ಹೇಗೆ

ಒಂದೆರಡು ವರ್ಷದ ಕೆಲಸ ಸ್ಟುಡಿಯೋದಲ್ಲಿ ಗೋಡೆಗೆ ಒರಗಿ ನಿಂತಿದೆ. ಈಗ ಅದನ್ನು ನಾಲ್ಕು ಜನರ ಮುಂದೆ ಇಡಬೇಕು ಅನ್ನಿಸಿದೆ. ಹಾಲ್ ಬುಕ್ ಮಾಡುವುದು, ಆಹ್ವಾನ ಹಂಚುವುದು ಯಾರನ್ನಾದರೂ ಕೇಳಿ ತಿಳಿದುಕೊಳ್ಳಬಹುದು. ಅಮೂರ್ತ ಚಿತ್ರಗಳಿಗೆ ಇರುವ ಕಷ್ಟ ಬೇರೆಯೇ. ಹಂಪಿಯ ಕಲ್ಲಿನ ರಥ ಬರೆದಿದ್ದರೆ ಅದನ್ನು ಯಾವ ಮೂಲೆಯಲ್ಲಿ ನೇತುಹಾಕಿದರೂ ಜನ ಗುರುತು ಹಿಡಿದು ನಿಲ್ಲುತ್ತಾರೆ. ಬಣ್ಣ, ಗೆರೆ, ಪದರಗಳಷ್ಟೇ ಇರುವ ಚಿತ್ರಕ್ಕೆ ಆ ಆಸರೆ ಇಲ್ಲ. ಪಕ್ಕದಲ್ಲಿ ಯಾವ ಚಿತ್ರ ಇದೆ, ನಡುವೆ ಎಷ್ಟು ಖಾಲಿ ಗೋಡೆ, ಮೇಲಿನಿಂದ ಎಂಥ ಬೆಳಕು ಬೀಳುತ್ತಿದೆ, ಇವೇ ನೋಡುವವರ ಕೈ ಹಿಡಿಯುವುದು. ಹಾಗಾಗಿ ತೂಗುಹಾಕುವುದು ಕೂಡ ಚಿತ್ರ ಬರೆಯುವ ಕೆಲಸದ ಭಾಗವೇ ಅಂತ ನನ್ನ ಲೆಕ್ಕ. ಈ ಲೇಖನದಲ್ಲಿ ಅದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

1. ಮೊದಲು ಆರಿಸಿ, ಆಮೇಲೆ ಬಿಡಿ

ಎಲ್ಲ ಕ್ಯಾನ್ವಾಸ್‌ಗಳನ್ನೂ ಹೊರಗೆ ತೆಗೆಯಿರಿ. ಮನೆಯ ಹಾಲ್, ವರಾಂಡ, ಟೆರೇಸ್ ಯಾವುದಾದರೂ ಸರಿ, ಒಟ್ಟಿಗೆ ಕಾಣುವ ಹಾಗೆ ನಿಲ್ಲಿಸಿ. ಒಂದು ದಿನ ಹಾಗೇ ಬಿಡಿ. ಆಮೇಲೆ ಕೇಳಿಕೊಳ್ಳಬೇಕಾದದ್ದು "ಯಾವುದು ಚೆನ್ನಾಗಿದೆ" ಅಂತಲ್ಲ. "ಯಾವ ಚಿತ್ರ ಪಕ್ಕದ ಚಿತ್ರವನ್ನು ಕೆಡಿಸುತ್ತಿದೆ" ಅಂತ. ಒಂಟಿಯಾಗಿ ತುಂಬ ಚೆಂದ ಇರುವ ಕೆಂಪು ಚಿತ್ರವೊಂದು ಸುತ್ತಲಿನ ಬೂದು ಚಿತ್ರಗಳನ್ನೆಲ್ಲ ಮಂಕು ಮಾಡಬಹುದು. ಅದನ್ನು ಬಿಡಬೇಕು, ಇಲ್ಲವೇ ಅದಕ್ಕೊಂದು ಇಡೀ ಗೋಡೆ ಕೊಡಬೇಕು.

ಮೊಬೈಲ್‌ನಲ್ಲಿ ಎಲ್ಲವನ್ನೂ ತೆಗೆದು ಬೆರಳುಗುರು ಗಾತ್ರಕ್ಕೆ ಇಳಿಸಿ ನೋಡುವುದೂ ಒಳ್ಳೆಯ ಉಪಾಯ. ಅಷ್ಟು ಚಿಕ್ಕದಾದಾಗ ಮೇಲ್ಮೈಯ ಸೊಗಸು ಮಾಯವಾಗಿ ರಚನೆ ಮಾತ್ರ ಉಳಿಯುತ್ತದೆ. ಐದು ಚಿತ್ರ ಒಂದೇ ಥರ ಕಂಡರೆ ಅದರಲ್ಲಿ ಎರಡು ಸಾಕು.

ಇನ್ನೊಂದು ಮಾತು. ಇತ್ತೀಚಿನ ಕೆಲಸ ಅಂತ ಪ್ರದರ್ಶನ ಮಾಡುತ್ತಿದ್ದರೆ ಹತ್ತು ವರ್ಷದ ಹಿಂದಿನ ಮೆಚ್ಚಿನ ಚಿತ್ರವನ್ನು ನಡುವೆ ತೂರಿಸಬೇಡಿ. ನೋಡುವವರಿಗೆ ದಿಕ್ಕು ತಪ್ಪುತ್ತದೆ. ಇಷ್ಟೆಲ್ಲ ಬಿಟ್ಟರೆ ಕಡಿಮೆಯಾಯಿತಲ್ಲ ಅಂತ ಹೆದರಬೇಡಿ. ಅಮೂರ್ತ ಚಿತ್ರಕಾರ ವಿ.ಎಸ್. ಗಾಯತೊಂಡೆ ವರ್ಷಕ್ಕೆ ಬೆರಳೆಣಿಕೆಯಷ್ಟು ಕ್ಯಾನ್ವಾಸ್ ಮಾತ್ರ ಮುಗಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ, 2014ರಲ್ಲಿ, ನ್ಯೂಯಾರ್ಕಿನ ಗುಗನ್‌ಹೈಮ್ ಸಂಗ್ರಹಾಲಯದಲ್ಲಿ ಅವರ ದೊಡ್ಡ ಪ್ರದರ್ಶನ ನಡೆಯಿತು. ಕಡಿಮೆ ಇದ್ದರೆ ಜನ ಬೇಸರ ಮಾಡಿಕೊಳ್ಳುತ್ತಾರೆ ಅನ್ನುವ ಭಯ ನಮಗೆ ಮಾತ್ರ. ಬಂದವರಿಗೆ ಅದು ಇರುವುದಿಲ್ಲ.

2. ಹಾಲ್

ಗೋಡೆಯ ಉದ್ದವನ್ನು ರನ್ನಿಂಗ್ ಫೂಟ್‌ನಲ್ಲಿ ಕೇಳಿ. ಹಾಲ್ ಎಷ್ಟು ಚದರಡಿ ಅನ್ನುವುದು ನಿಮಗೆ ಬೇಡ. ಬಾಗಿಲು, ಕಿಟಕಿ, ಸ್ವಿಚ್ ಬೋರ್ಡ್, ಬೆಂಕಿ ನಂದಿಸುವ ಸಿಲಿಂಡರ್ ಕಳೆದು 80 ಅಡಿ ಗೋಡೆ ಸಿಗುತ್ತದೆ ಅಂದುಕೊಳ್ಳಿ. ಸರಾಸರಿ ಮೂರು ಅಡಿ ಅಗಲದ ಚಿತ್ರ, ಅದರ ಪಕ್ಕ ಮೂರು ಅಡಿ ಖಾಲಿ. ಅಲ್ಲಿಗೆ 13 ಚಿತ್ರ. ನಿಮ್ಮ ಹತ್ತಿರ 30 ಇದ್ದರೆ ಒಂದೋ ದೊಡ್ಡ ಹಾಲ್ ನೋಡಿ, ಇಲ್ಲ ಮೊದಲ ಹಂತಕ್ಕೆ ವಾಪಸ್ ಹೋಗಿ.

ಬೆಂಗಳೂರಿನಲ್ಲಿ ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಗ್ಯಾಲರಿಗಳು ಬಹಳ ಕಲಾವಿದರಿಗೆ ಮೊದಲ ಮೆಟ್ಟಿಲು. ಮೈಸೂರಿನಲ್ಲಿ ಕಲಾಮಂದಿರದ ಸುಚಿತ್ರ ಗ್ಯಾಲರಿ, ಮಂಗಳೂರಿನಲ್ಲಿ ಬಲ್ಲಾಳ್‌ಬಾಗಿನ ಪ್ರಸಾದ್ ಆರ್ಟ್ ಗ್ಯಾಲರಿ ಇವೆ. ಮುಂಬೈಯ ಜಹಾಂಗೀರ್ ಆರ್ಟ್ ಗ್ಯಾಲರಿ ಮೇಲೆ ಕಣ್ಣಿದ್ದರೆ ಅರ್ಜಿ ಇವತ್ತೇ ಹಾಕಿ. ಅಲ್ಲಿ ಸರದಿ ಬರಲು ವರ್ಷಗಳೇ ಹಿಡಿಯುತ್ತವೆ. ಪರಿಷತ್ತಿನ ಚಿತ್ರಸಂತೆ, ಅಂದರೆ ರಸ್ತೆಯಲ್ಲೇ ಚಿತ್ರಗಳನ್ನಿಟ್ಟು ಮಾರುವ ಸಂತೆ, ಸಾಮಾನ್ಯವಾಗಿ ಜನವರಿ ಮೊದಲ ಭಾನುವಾರ ಬರುತ್ತದೆ. ಆ ದಿನ ಆ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಜನಸಂದಣಿ ಬೇಕು ಅನ್ನುವವರಿಗೆ ಅದೇ ವಾರ ಸರಿ. ನಿಧಾನವಾಗಿ ನೋಡಬೇಕಾದ ಚಿತ್ರಗಳಾದರೆ ಆ ವಾರ ಬಿಟ್ಟುಬಿಡಿ.

ದುಡ್ಡು ಕಟ್ಟುವ ಮುಂಚೆ ಒಂದು ಚಿತ್ರವನ್ನು ಹಾಲ್‌ಗೆ ಒಯ್ದು ಗೋಡೆಗೆ ಒರಗಿಸಿ ನೋಡಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಸ್ಟುಡಿಯೋದ ಕಿಟಕಿ ಬೆಳಕಿನಲ್ಲಿ ಜೀವ ತುಂಬಿದ್ದ ನೀಲಿ, ಹಾಲ್‌ನ ಟ್ಯೂಬ್‌ಲೈಟ್ ಕೆಳಗೆ ಸಪ್ಪೆಯಾಗಬಹುದು. ಮೊಳೆ ಹೊಡೆಯಲು ಬಿಡುತ್ತಾರಾ ಅಂತಲೂ ಕೇಳಿ. ಬಹಳ ಕಡೆ ಬಿಡುವುದಿಲ್ಲ. ಮೇಲಿನ ಹಳಿಯಿಂದ ನೈಲಾನ್ ದಾರದಲ್ಲೋ ಕಂಬಿಯಲ್ಲೋ ಇಳಿಬಿಡಬೇಕು. ಹಾಗಾದರೆ ದಾರ, ಕೊಕ್ಕೆ ಯಾರದ್ದು, ಒಂದು ಕೊಕ್ಕೆ ಎಷ್ಟು ಭಾರ ತಡೆಯುತ್ತದೆ ಅನ್ನುವುದೂ ಮೊದಲೇ ಗೊತ್ತಿರಲಿ.

3. ಪುಟ್ಟ ಹಾಲ್ ಮಾಡಿಕೊಳ್ಳಿ

ಇದೊಂದನ್ನು ದಯವಿಟ್ಟು ಬಿಡಬೇಡಿ. ರಟ್ಟಿನಲ್ಲಿ ಹಾಲ್‌ನ ಮಾದರಿ ಮಾಡಿ. ಅಳತೆ ಸುಲಭ: ಒಂದು ಅಡಿಗೆ ಒಂದು ಇಂಚು. ಮೂರು ಅಡಿ ಅಗಲ, ನಾಲ್ಕು ಅಡಿ ಎತ್ತರದ ಚಿತ್ರ ಆಗ ಮೂರು ಇಂಚು, ನಾಲ್ಕು ಇಂಚು ಆಗುತ್ತದೆ. ಚಿತ್ರಗಳ ಪ್ರಿಂಟ್ ತೆಗೆದು ಆ ಅಳತೆಗೆ ಕತ್ತರಿಸಿ, ಬ್ಲೂಟ್ಯಾಕ್ (ಕಿತ್ತು ಮತ್ತೆ ಅಂಟಿಸಬಹುದಾದ ಮೆತ್ತನೆ ಅಂಟು) ಹಚ್ಚಿ ಗೋಡೆಗೆ ಅಂಟಿಸಿ. ಇಷ್ಟ ಬಂದಷ್ಟು ಸಲ ಬದಲಿಸಿ.

ಇಲ್ಲಿ ನೋಡಬೇಕಾದ್ದು ಮೂರು. ಬಾಗಿಲಲ್ಲಿ ನಿಂತವರಿಗೆ ಮೊದಲು ಕಾಣುವ ಚಿತ್ರ ಯಾವುದು? ಅದು ನಿಮ್ಮ ಅತಿ ದೊಡ್ಡ ಚಿತ್ರ ಆಗಿರಬೇಕೆಂದೇನೂ ಇಲ್ಲ, ಆದರೆ ದೂರದಿಂದ ಕರೆಯುವಂಥದ್ದಾಗಿರಲಿ. ಹತ್ತಿರ ಹೋದರೆ ಮಾತ್ರ ತೆರೆದುಕೊಳ್ಳುವ ಮೌನದ ಚಿತ್ರಗಳಿಗೆ ಮೂಲೆಯ ಗೋಡೆ, ಚಿಕ್ಕ ಕೋಣೆ ಒಳ್ಳೆಯದು. ಎರಡನೆಯದು, ಎದುರುಬದುರು ಗೋಡೆಗಳು. ಜನ ಒಂದು ಚಿತ್ರ ನೋಡಿ ಹಿಂದೆ ತಿರುಗುತ್ತಾರೆ. ತಿರುಗಿದಾಗ ಏನು ಕಾಣಬೇಕು ಅಂತ ನೀವೇ ತೀರ್ಮಾನಿಸಿ. ಮೂರನೆಯದು, ಒಂದೇ ಸಾಲಿನ ಚಿತ್ರಗಳ ಕ್ರಮ. ಮೂರು ನೀಲಿ ಚಿತ್ರಗಳನ್ನು ಒತ್ತಾಗಿ ಇಟ್ಟರೆ ಜನ ಅವನ್ನು ಒಂದೇ ಸರಣಿ ಅಂತ ಓದುತ್ತಾರೆ, ನೀವು ಹಾಗೆ ಅಂದುಕೊಂಡಿರಲಿ ಬಿಡಲಿ.

4. ಒಣಗಿದೆಯಾ?

ಹೊಸ ಕೆಲಸದ ದೊಡ್ಡ ತಲೆನೋವು ಇದು. ಅಕ್ರಿಲಿಕ್ ಮುಟ್ಟಿದರೆ ಅರ್ಧ ಗಂಟೆಯಲ್ಲಿ ಒಣಗಿದಂತೆ ಇರುತ್ತದೆ. ಆದರೆ ದಪ್ಪ ಪದರ ಒಳಗೆ ಗಟ್ಟಿಯಾಗಲು ವಾರಗಳು ಬೇಕು. ಆಯಿಲ್, ಅಂದರೆ ಎಣ್ಣೆ ಬಣ್ಣ, ಇನ್ನೂ ನಿಧಾನ. ತೆಳು ಪದರ ಕೆಲವು ದಿನಗಳಲ್ಲಿ ಕೈಗೆ ಹತ್ತದಂತಾದರೂ, ಸಾಂಪ್ರದಾಯಿಕ ವಾರ್ನಿಶ್ ಹಚ್ಚಲು ಆರು ತಿಂಗಳಿಂದ ಒಂದು ವರ್ಷ ಕಾಯಬೇಕು. ಪ್ರದರ್ಶನಕ್ಕೆ ಹೊಳಪು ಬರಲಿ ಅಂತ ಕಳೆದ ತಿಂಗಳ ಆಯಿಲ್ ಚಿತ್ರಕ್ಕೆ ವಾರ್ನಿಶ್ ಬಳಿದರೆ ಮುಂದೆ ಬಿರುಕು ಬಿಡಬಹುದು. ಬೇಡ. ಹಾಗೇ ತೂಗುಹಾಕಿ.

ಮಳೆಗಾಲದಲ್ಲಿ ಕ್ಯಾನ್ವಾಸ್ ಸಡಿಲವಾಗುವುದು ಸಾಮಾನ್ಯ. ಸ್ಟ್ರೆಚರ್‌ನ (ಕ್ಯಾನ್ವಾಸ್ ಎಳೆದು ಬಿಗಿದ ಮರದ ಚೌಕಟ್ಟು) ಮೂಲೆಗಳಲ್ಲಿ ಬೆಣೆ ಇದ್ದರೆ ಮೆಲ್ಲಗೆ ಒಂದೊಂದೇ ಏಟು ಕೊಟ್ಟು ಬಿಗಿ ಮಾಡಿ. ಕರಾವಳಿಯವರು ಹಿಂಬದಿಗೆ ಬೂಷ್ಟು ಹಿಡಿದಿದೆಯಾ ಅಂತಲೂ ನೋಡಿ.

ಫೋಟೋ ತೆಗೆಯುವ ಕೆಲಸವನ್ನೂ ಈಗಲೇ ಮುಗಿಸಿ. ಮೋಡ ಮುಸುಕಿದ ದಿನದ ಹೊರಗಿನ ಬೆಳಕು ಸಾಕು. ಕ್ಯಾಮೆರಾ ಚಿತ್ರದ ನಡುಮಟ್ಟಕ್ಕೆ ನೇರವಾಗಿರಲಿ. ಮಾರಾಟವಾಗಿ ಹೋದ ಚಿತ್ರದ ಒಳ್ಳೆಯ ಫೋಟೋ ಆಮೇಲೆ ಎಲ್ಲಿಂದ ತರುತ್ತೀರಿ?

5. ಚಿತ್ರದ ಬೆನ್ನು

ಹಿಂಬದಿಯಲ್ಲಿ ಹೆಸರು, ಚಿತ್ರದ ಹೆಸರು, ವರ್ಷ, ಮಾಧ್ಯಮ, ಅಳತೆ ಬರೆಯಿರಿ. ಜೊತೆಗೆ ಮೇಲಕ್ಕೆ ಒಂದು ದಪ್ಪ ಬಾಣದ ಗುರುತು. ನಗಬೇಡಿ. 1961ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಫ್ರೆಂಚ್ ಕಲಾವಿದ ಮಾತೀಸ್‌ನ ದೋಣಿಯ ಚಿತ್ರವೊಂದು 47 ದಿನ ತಲೆಕೆಳಗಾಗಿ ನೇತಾಡಿತು. ಅದರಲ್ಲಿ ದೋಣಿ ಆದರೂ ಇತ್ತು. ಡಚ್ ಅಮೂರ್ತ ಕಲಾವಿದ ಮಾಂಡ್ರಿಯಾನ್ 1941ರಲ್ಲಿ ಬಣ್ಣದ ಟೇಪುಗಳಲ್ಲಿ ಮಾಡಿದ ಕೃತಿಯೊಂದು ಜರ್ಮನಿಯ ಡ್ಯುಸೆಲ್‌ಡಾರ್ಫ್‌ನಲ್ಲಿದೆ. ಅದು ದಶಕಗಳಿಂದ ತಲೆಕೆಳಗಾಗಿದೆ ಅಂತ ಅಲ್ಲಿನ ಕ್ಯುರೇಟರ್ (ಪ್ರದರ್ಶನ ನೋಡಿಕೊಳ್ಳುವವರು) 2022ರಲ್ಲಿ ಹೇಳಿದರು. ಈಗ ತಿರುಗಿಸಿದರೆ ಟೇಪುಗಳು ಕಿತ್ತು ಬರಬಹುದು ಅಂತ ಹಾಗೇ ಬಿಟ್ಟಿದ್ದಾರೆ. ನಿಮ್ಮ ಚಿತ್ರವನ್ನು ಟೆಂಪೋದಿಂದ ಇಳಿಸುವ ಹುಡುಗರಿಗೆ ಯಾವುದು ಮೇಲೆ ಅಂತ ಗೊತ್ತಾಗಲು ಬಾಣ ಬಿಟ್ಟರೆ ಬೇರೆ ದಾರಿಯೇ ಇಲ್ಲ.

ತೂಗುಹಾಕಲು ಡಿ-ರಿಂಗ್‌ಗಳನ್ನು (ಇಂಗ್ಲಿಷ್ D ಆಕಾರದ ಲೋಹದ ಬಳೆ) ಎರಡೂ ಬದಿಯ ಪಟ್ಟಿಗೆ, ಮೇಲಿನಿಂದ ಸುಮಾರು ಕಾಲು ಭಾಗ ಕೆಳಗೆ ಸ್ಕ್ರೂ ಮಾಡಿ. ತೀರಾ ಕೆಳಗೆ ಹಾಕಿದರೆ ಚಿತ್ರ ಮುಂದಕ್ಕೆ ಬಾಗುತ್ತದೆ. ನಡುವೆ ಹೆಣೆದ ಲೋಹದ ತಂತಿ ಕಟ್ಟಿ. ಅಗಲದ, ಭಾರದ ಚಿತ್ರಗಳನ್ನು ಒಂದು ಕೊಕ್ಕೆಯ ಬದಲು ಎರಡು ಕೊಕ್ಕೆಗೆ ಹಾಕಿ. ಆಗ ವಾರವಿಡೀ ಓರೆಯಾಗದೆ ನಿಲ್ಲುತ್ತದೆ.

6. ಪ್ಯಾಕಿಂಗ್

ಬಬಲ್ ರ‍್ಯಾಪ್ ಅನ್ನು ಬಣ್ಣದ ಮೇಲೆ ನೇರವಾಗಿ ಸುತ್ತಬೇಡಿ. ಅಕ್ರಿಲಿಕ್ ಬಿಸಿಗೆ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಂತ ಟೆಂಪೋದೊಳಗೆ ಗುಳ್ಳೆಗಳ ಅಚ್ಚು ಬಣ್ಣದ ಮೇಲೆ ಬಿದ್ದರೆ ತೆಗೆಯುವುದು ಕಷ್ಟ. ನಾಲ್ಕೂ ಮೂಲೆಗೆ ದಪ್ಪ ರಟ್ಟಿನ ಟೊಪ್ಪಿಗೆ ಹಾಕಿ, ಎದುರಿಗೆ ಏನೂ ತಾಗದಂತೆ ಇನ್ನೊಂದು ರಟ್ಟು ಇಟ್ಟು, ಅದರ ಹೊರಗೆ ಬಬಲ್ ರ‍್ಯಾಪ್ ಸುತ್ತಿ. ಟೆಂಪೋದಲ್ಲಿ ಮಲಗಿಸದೆ ನಿಲ್ಲಿಸಿ ಒಯ್ಯಿರಿ. ಟಾರ್ಪಾಲ್ ಇರುವ ಗಾಡಿಯೇ ಬೇಕು, ಬೇಸಿಗೆಯಾದರೂ.

7. ಗೋಡೆಯ ದಿನ

ಒಂದು ಪೂರ್ತಿ ದಿನ ಇಟ್ಟುಕೊಳ್ಳಿ. ಬೇಕಾದವು: ಅಳತೆ ಟೇಪು, ಪೆನ್ಸಿಲ್, ರಸಮಟ್ಟ, ಏಣಿ, ಹತ್ತಿಯ ಕೈಗವಸು, ಮತ್ತು ಅಭಿಪ್ರಾಯ ಹೇಳದೆ ಚಿತ್ರ ಹಿಡಿದು ನಿಲ್ಲುವ ಇಬ್ಬರು ಸ್ನೇಹಿತರು. ಕೊನೆಯದು ಸಿಗುವುದು ಕಷ್ಟ.

ಮೊದಲು ಎಲ್ಲವನ್ನೂ ತಂತಮ್ಮ ಜಾಗದ ಕೆಳಗೆ ನೆಲದ ಮೇಲೆ ನಿಲ್ಲಿಸಿ. ಮಾದರಿಯಲ್ಲಿ ಸರಿ ಕಂಡದ್ದು ಇಲ್ಲಿ ಸರಿ ಕಾಣದೇ ಇರಬಹುದು. ಬದಲಿಸುವುದಿದ್ದರೆ ಈಗಲೇ ಬದಲಿಸಿ.

ಎತ್ತರಕ್ಕೆ ಒಂದು ಸರಳ ಲೆಕ್ಕ ಇದೆ. ಚಿತ್ರದ ನಡುಬಿಂದು ನೆಲದಿಂದ 57ರಿಂದ 60 ಇಂಚು ಎತ್ತರದಲ್ಲಿರಬೇಕು. ಇದು ಸುಮಾರಾಗಿ ನಿಂತವರ ಕಣ್ಣಿನ ಮಟ್ಟ. ನೀವು 58 ಇಟ್ಟುಕೊಂಡಿರಿ ಅನ್ನೋಣ. ಚಿತ್ರದ ಎತ್ತರ 36 ಇಂಚು, ಅದರ ಅರ್ಧ 18. ತಂತಿಯನ್ನು ಕೊಕ್ಕೆಗೆ ಹಾಕಿದ ಹಾಗೆ ಮೇಲಕ್ಕೆ ಎಳೆದು ಹಿಡಿಯಿರಿ, ಚಿತ್ರದ ಮೇಲಂಚಿನಿಂದ ಅದು ಎಷ್ಟು ಕೆಳಗಿದೆ ಅಳೆಯಿರಿ. 4 ಇಂಚು ಬಂತು. ಹಾಗಾದರೆ 58ಕ್ಕೆ 18 ಕೂಡಿ, 4 ಕಳೆಯಿರಿ. ಕೊಕ್ಕೆ 72 ಇಂಚಿಗೆ. ಪ್ರತಿ ಚಿತ್ರಕ್ಕೂ ಹೀಗೇ ಮಾಡಿದರೆ ದೊಡ್ಡದು ಚಿಕ್ಕದು ಎಲ್ಲವೂ ಒಂದೇ ನಡುಗೆರೆಯ ಮೇಲೆ ಕೂರುತ್ತವೆ.

ನಡುವಿನ ಜಾಗಕ್ಕೂ ಲೆಕ್ಕ ಇದೆ. 24 ಅಡಿ ಗೋಡೆ, ಮೂರು ಅಡಿ ಅಗಲದ ನಾಲ್ಕು ಚಿತ್ರ. ಚಿತ್ರಗಳು 12 ಅಡಿ ತಿಂದವು, ಉಳಿದದ್ದು 12 ಅಡಿ. ಎರಡು ಕೊನೆ ಸೇರಿ ಐದು ಖಾಲಿ ಜಾಗ. ಒಂದೊಂದಕ್ಕೆ ಸುಮಾರು 29 ಇಂಚು. ಆದರೆ ಈ ಲೆಕ್ಕಕ್ಕೆ ಕಣ್ಣುಮುಚ್ಚಿ ಅಂಟಿಕೊಳ್ಳಬೇಡಿ. ಜೋಡಿಯಾಗಿ ಓದಬೇಕಾದ ಎರಡನ್ನು ಹತ್ತಿರ ತನ್ನಿ, ಗದ್ದಲದ ಚಿತ್ರಕ್ಕೆ ಜಾಸ್ತಿ ಜಾಗ ಬಿಡಿ. ಎಲ್ಲ ಅಂತರವೂ ಒಂದೇ ಆದರೆ ಗೋಡೆ ರೈಲು ಬೋಗಿಗಳ ಸಾಲಿನಂತೆ ಕಾಣುತ್ತದೆ. ಯಾರೂ ಎಲ್ಲೂ ಇಳಿಯುವುದಿಲ್ಲ.

ದೊಡ್ಡ ಚಿತ್ರಗಳಿಗೆ ಕಣ್ಣಿನ ಮಟ್ಟದ ನಿಯಮವನ್ನೇ ಮುರಿಯಬಹುದು. ಅಮೆರಿಕದ ಅಮೂರ್ತ ಚಿತ್ರಕಾರ ಮಾರ್ಕ್ ರಾಥ್ಕೊ 1961ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಗ್ಯಾಲರಿಗೆ ತನ್ನ ಚಿತ್ರಗಳನ್ನು ಕಳಿಸುವಾಗ ಸೂಚನೆಗಳನ್ನೂ ಕಳಿಸಿದ್ದ. ದೊಡ್ಡ ಚಿತ್ರಗಳು ನೆಲಕ್ಕೆ ಆದಷ್ಟು ಹತ್ತಿರ ಇರಬೇಕು, ಸಾಧ್ಯವಾದರೆ ಆರು ಇಂಚಿಗಿಂತ ಮೇಲೆ ಹೋಗಬಾರದು. ಗೋಡೆ ಅಚ್ಚ ಬಿಳಿ ಇರಬಾರದು, ಅಂಬರ್ (umber, ಕಂದು ಮಣ್ಣಿನ ಬಣ್ಣ) ಮತ್ತು ತುಸು ಕೆಂಪು ಬೆರೆತ ಮಾಸಲು ಬಿಳಿ ಬೇಕು. ಬೆಳಕು ಜೋರಾಗಿರಬಾರದು. ಬಾಡಿಗೆ ಹಾಲ್‌ನಲ್ಲಿ ಗೋಡೆಗೆ ಬಣ್ಣ ಹೊಡೆಸಲು ನಮಗೆ ಬಿಡುವುದಿಲ್ಲ, ಸರಿ. ಆದರೆ ಆರೇಳು ಅಡಿಯ ಕ್ಯಾನ್ವಾಸ್ ಅನ್ನು ಕೆಳಗಿಳಿಸಿ ನೋಡಲು ಯಾರ ಅನುಮತಿಯೂ ಬೇಡ. ನೋಡುವವರು ಚಿತ್ರದ ಎದುರು ನಿಲ್ಲುವ ಬದಲು ಚಿತ್ರದೊಳಗೆ ನಿಂತಂತೆ ಆಗುತ್ತದೆ.

8. ಬೆಳಕು

ದೀಪ ಚಿತ್ರದ ಮೇಲೆ ಬೀಳುವ ಓರೆ, ಮೇಲಿನಿಂದ ನೆಟ್ಟಗೆ ಇಳಿಬಿಟ್ಟ ಗೆರೆಗೆ ಸುಮಾರು 30 ಡಿಗ್ರಿ ಇದ್ದರೆ ಹೊಳಪು ಕಣ್ಣಿಗೆ ಹೊಡೆಯುವುದಿಲ್ಲ. ದಪ್ಪ ಬಣ್ಣದ, ಕೆರೆದ ಮೇಲ್ಮೈ ಇದ್ದರೆ ದೀಪವನ್ನು ಇನ್ನೂ ಸ್ವಲ್ಪ ಗೋಡೆಯ ಹತ್ತಿರಕ್ಕೆ ತನ್ನಿ, ಉಬ್ಬುತಗ್ಗು ಎದ್ದು ಕಾಣುತ್ತದೆ. ಒಂದೇ ಹಾಲ್‌ನಲ್ಲಿ ಅರ್ಧ ಹಳದಿ ಬಲ್ಬು, ಅರ್ಧ ಬಿಳಿ ಬಲ್ಬು ಇರಬಾರದು. ಅಷ್ಟಾದರೆ ಬಾಡಿಗೆಯ ಹಾಲ್‌ಗೆ ಸಾಕು. ಕಾಗದದ ಮೇಲಿನ ಕೆಲಸಕ್ಕೆ ಗಾಜು ಹಾಕಿಸಿದ್ದರೆ ಅದನ್ನು ಕಿಟಕಿಯ ಎದುರಿನ ಗೋಡೆಗೆ ಮಾತ್ರ ಹಾಕಬೇಡಿ. ಚಿತ್ರದ ಬದಲು ಹೊರಗಿನ ಪಾರ್ಕಿಂಗ್ ಕಾಣುತ್ತದೆ.

9. ಲೇಬಲ್, ಟಿಪ್ಪಣಿ, ಬೆಲೆ

ಲೇಬಲ್ ಚಿಕ್ಕದಿರಲಿ, ಚಿತ್ರದ ಬಲಕ್ಕೆ, ಎಲ್ಲ ಕಡೆ ಒಂದೇ ಎತ್ತರದಲ್ಲಿ. ಹೆಸರಿಡುವುದು ನಿಮಗೆ ಇಷ್ಟ ಇಲ್ಲದಿದ್ದರೆ ಸಂಖ್ಯೆ ಕೊಡಿ. ಅಮೆರಿಕದ ಚಿತ್ರಕಾರ ಜಾಕ್ಸನ್ ಪೊಲಾಕ್ ಎಷ್ಟೋ ಚಿತ್ರಗಳಿಗೆ ಸಂಖ್ಯೆಯನ್ನೇ ಕೊಟ್ಟ. ಎಲ್ಲದಕ್ಕೂ ಬರೀ "ಶೀರ್ಷಿಕೆ ಇಲ್ಲ" ಅಂತ ಬರೆದರೆ ನಾಳೆ ಫೋನ್‌ನಲ್ಲಿ ಯಾವುದರ ಬೆಲೆ ಕೇಳುತ್ತಿದ್ದಾರೆ ಅಂತ ನಿಮಗೇ ತಿಳಿಯುವುದಿಲ್ಲ.

ಬಾಗಿಲ ಬಳಿಯ ಟಿಪ್ಪಣಿ ನೂರೈವತ್ತು ಪದ ದಾಟದಿರಲಿ. ನಮ್ಮ ಕಡೆ ಇದು ಕೆಟ್ಟುಹೋಗುವ ಬಗೆ ಒಂದೇ: "ಅಸ್ತಿತ್ವದ ಶೂನ್ಯ ಮತ್ತು ಪೂರ್ಣಗಳ ನಡುವಿನ ಅನಂತ ಅನುಸಂಧಾನ". ಓದಿದವರಿಗೆ ತಾವು ದಡ್ಡರು ಅನ್ನಿಸುತ್ತದೆ ಅಷ್ಟೇ. ಅದರ ಬದಲು ಕೈ ಏನು ಮಾಡಿತು ಅಂತ ಹೇಳಿ. "ಬಣ್ಣವನ್ನು ರೋಲರ್‌ನಲ್ಲಿ ಹಚ್ಚಿ, ಅರೆ ಒಣಗಿದಾಗ ಕೆರೆದು ತೆಗೆದಿದ್ದೇನೆ. ಕೆಳಗಿನ ಹಳದಿ ಅಲ್ಲಲ್ಲಿ ಉಳಿದಿದೆ." ಇಷ್ಟು ಓದಿದವರು ಹಳದಿ ಹುಡುಕಿಕೊಂಡು ಚಿತ್ರದ ಹತ್ತಿರ ಹೋಗುತ್ತಾರೆ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇಡಿ. ಕನ್ನಡದ್ದು ಕೆಳಗೆ ಸಣ್ಣ ಅಕ್ಷರದಲ್ಲಿ ಅಲ್ಲ.

ಬೆಲೆಗೆ ಅನೇಕರು ಚದರ ಇಂಚಿನ ಲೆಕ್ಕ ಹಾಕುತ್ತಾರೆ. ಅದರಲ್ಲಿ 24 ಇಂಚಿನ ಚೌಕ 576 ಚದರ ಇಂಚು, 48ರ ಚೌಕ 2304. ಬೆಲೆ ನಾಲ್ಕು ಪಟ್ಟು ಹಾರುತ್ತದೆ. ಅಗಲ ಎತ್ತರ ಕೂಡಿಸಿ ದರದಿಂದ ಗುಣಿಸಿದರೆ 48 ಮತ್ತು 96, ಎರಡೇ ಪಟ್ಟು. ದೊಡ್ಡ ಚಿತ್ರ ಮಾರಾಟವಾಗಬೇಕಾದರೆ ಎರಡನೆಯದು ವಾಸಿ. ಖಾಸಗಿ ಗ್ಯಾಲರಿಯಾದರೆ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಅವರ ಕಮಿಷನ್ ಇರುತ್ತದೆ. ಅದನ್ನು ಬರವಣಿಗೆಯಲ್ಲಿ ಪಡೆಯಿರಿ. ಯಾವ ಕಾರಣಕ್ಕೂ ಗ್ಯಾಲರಿಯಲ್ಲಿ ಒಂದು ಬೆಲೆ, ಸ್ಟುಡಿಯೋದಲ್ಲಿ ಇನ್ನೊಂದು ಬೆಲೆ ಇಡಬೇಡಿ. ಈ ಊರಿನಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತಾಗುತ್ತದೆ. ಹಾಗೇ, ಸ್ಟುಡಿಯೋದಲ್ಲಿ ನೀವಾಗಿಯೇ ಬರೆದ ಚಿತ್ರ ಮಾರಿದರೂ ಅದರ ಕಾಪಿರೈಟ್ ನಿಮ್ಮಲ್ಲೇ ಉಳಿಯುತ್ತದೆ, ಬರೆದುಕೊಡದ ಹೊರತು. ರಸೀದಿಯಲ್ಲಿ ಒಂದು ಸಾಲು ಹಾಕಿಬಿಡಿ.

10. ಉದ್ಘಾಟನೆ, ಆಮೇಲಿನ ದಿನಗಳು

ದೀಪದ ಕಂಬ, ಮೈಕು, ಹೂಗುಚ್ಛದ ಮೇಜು, ಫ್ಲೆಕ್ಸ್ ಎಲ್ಲವನ್ನೂ ಹಾಲ್‌ನ ಹೊರಗೆ ಇಡಿ. ನಾಲ್ಕು ಜನ ಅತಿಥಿಗಳು ಒಳ್ಳೆಯ ಗೋಡೆಗೆ ಬೆನ್ನು ಹಾಕಿ ಭಾಷಣ ಮಾಡುವುದನ್ನು, ಎಣ್ಣೆಯ ದೀಪ ಕ್ಯಾನ್ವಾಸ್‌ನ ಎರಡಡಿ ಹತ್ತಿರ ಉರಿಯುವುದನ್ನು ನಾನು ಜಾಸ್ತಿಯೇ ನೋಡಿದ್ದೇನೆ. ಭಾಷಣ ಹೊರಗೆ ಮುಗಿಸಿ, ಒಳಗೆ ಸುಮ್ನೆ ನೋಡಲು ಬಿಡಿ. ಕಾಫಿಯೂ ಹೊರಗೇ.

ಉಳಿದ ದಿನಗಳಲ್ಲಿ ನೀವು ಅಲ್ಲೇ ಇರಿ, ಆದರೆ ಬಂದವರ ಬೆನ್ನು ಹತ್ತಬೇಡಿ. "ಏನ್ ಸಾರ್ ಇದು?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಒಳ್ಳೆಯ ಪ್ರಶ್ನೆಯೇ ಅದು, ಬೇಜಾರು ಮಾಡಿಕೊಳ್ಳಬೇಡಿ. ಅರ್ಥ ಹೇಳಲು ಹೋಗದೆ ತಿರುಗಿ ಕೇಳಿ: "ಮೊದಲು ಯಾವ ಬಣ್ಣ ಹಾಕಿರಬಹುದು ಹೇಳಿ?" ಅವರು ಹತ್ತಿರ ಹೋಗಿ ಪದರ ಎಣಿಸತೊಡಗಿದರೆ ಅರ್ಧ ಕೆಲಸ ಆಯಿತು. "ಇದನ್ನ ನನ್ನ ಮಗನೂ ಮಾಡ್ತಾನೆ" ಅನ್ನುವವರಿಗೆ "ಕರ್ಕೊಂಡು ಬನ್ನಿ ಸಾರ್" ಅನ್ನಿ. ಕೆಲವರು ನಿಜವಾಗಿಯೂ ಕರೆತರುತ್ತಾರೆ, ಮಕ್ಕಳು ದೊಡ್ಡವರಿಗಿಂತ ಚೆನ್ನಾಗಿ ನೋಡುತ್ತಾರೆ.

ದೂರ ನಿಲ್ಲುವ ಅಭ್ಯಾಸ ಎಲ್ಲ ಕಡೆಯೂ ಇದೆ. 1951ರಲ್ಲಿ ಅಮೂರ್ತ ಚಿತ್ರಕಾರ ಬಾರ್ನೆಟ್ ನ್ಯೂಮನ್ ನ್ಯೂಯಾರ್ಕಿನ ತನ್ನ ಪ್ರದರ್ಶನದಲ್ಲಿ ಒಂದು ಚೀಟಿ ಅಂಟಿಸಿದ್ದ: ದೊಡ್ಡ ಚಿತ್ರಗಳನ್ನು ದೂರದಿಂದ ನೋಡುವ ರೂಢಿ ಇದೆ, ಇಲ್ಲಿನವನ್ನು ಹತ್ತಿರದಿಂದ ನೋಡಬೇಕು ಅಂತ. ನಿಮ್ಮ ಚಿತ್ರಕ್ಕೂ ಅದು ಬೇಕಿದ್ದರೆ ನಾಚಿಕೆ ಇಲ್ಲದೆ ಒಂದು ಚೀಟಿ ಹಾಕಿ. ಮುಟ್ಟಬೇಡಿ ಅನ್ನುವುದನ್ನೂ ಅದರಲ್ಲೇ ಸೇರಿಸಿ. ಅಭಿಪ್ರಾಯ ಪುಸ್ತಕದಲ್ಲಿ ಫೋನ್ ನಂಬರಿಗೆ ಒಂದು ಅಂಕಣ ಇರಲಿ. ಮುಂದಿನ ಪ್ರದರ್ಶನದ ಆಹ್ವಾನ ಪಟ್ಟಿ ಅಲ್ಲೇ ತಯಾರಾಗುತ್ತದೆ.

11. ಇಳಿಸುವ ದಿನ

ಮಾರಾಟವಾಯಿತು ಅಂತ ಕೆಂಪು ಚುಕ್ಕೆ ಬಿದ್ದ ಚಿತ್ರಗಳನ್ನು ಹಣ ಪೂರ್ತಿ ಬರುವವರೆಗೆ ಕಳಿಸಬೇಡಿ, ಕೊಂಡವರು ಎಷ್ಟೇ ಹತ್ತಿರದವರಾಗಲಿ. ಇಳಿಸುವ ಮೊದಲು ಪ್ರತಿ ಗೋಡೆಯ, ಇಡೀ ಹಾಲ್‌ನ ಫೋಟೋ ತೆಗೆಯಿರಿ. ಮುಂದೆ ಯಾವುದಾದರೂ ಗ್ಯಾಲರಿಗೆ ಅರ್ಜಿ ಹಾಕುವಾಗ ಬಿಡಿ ಚಿತ್ರಗಳಿಗಿಂತ ಇವನ್ನೇ ಮೊದಲು ಕೇಳುತ್ತಾರೆ. ಅದೇ ರಟ್ಟಿನ ಟೊಪ್ಪಿಗೆಗಳನ್ನು ಮತ್ತೆ ಹಾಕಿ ಪ್ಯಾಕ್ ಮಾಡಿ. ಮೊಳೆ ಹೊಡೆದಿದ್ದರೆ ತೂತಿಗೆ ಪುಟ್ಟಿ ತುಂಬಿ, ಉಜ್ಜಿ, ಡೆಪಾಸಿಟ್ ವಾಪಸ್ ತೆಗೆದುಕೊಳ್ಳಿ. ಉಳಿದ ಕ್ಯಾನ್ವಾಸ್‌ಗಳನ್ನು ಸ್ಟುಡಿಯೋದಲ್ಲಿ ನೆಲದಿಂದ ಒಂದು ಹಲಗೆ ಎತ್ತರದಲ್ಲಿ, ಒಂದರ ಬಣ್ಣ ಇನ್ನೊಂದಕ್ಕೆ ತಾಗದಂತೆ ನಿಲ್ಲಿಸಿ.